ಬಯೋಮೆಡಿಕಲ್‌ಗೆ ಫಿಸಿಯಾಲಜಿ: ಎಲ್ಲಿಂದ ಶುರು, ಎಷ್ಟು ಆಳಕ್ಕೆ?

ಎಲೆಕ್ಟ್ರಾನಿಕ್ಸ್ ಓದಿ ಬಯೋಮೆಡಿಕಲ್‌ಗೆ ಬಂದಿದ್ದೀರಿ, ಬಯಾಲಜಿ ಮರೆತಿದೆ, ಫಿಸಿಯಾಲಜಿಯ ದಪ್ಪ ಪುಸ್ತಕವನ್ನು ಪೂರ್ತಿ ಓದಲೇಬೇಕೇ ಎಂದು ಕೇಳಿದ್ದೀರಿ. ಬೇಡ. ಮೊದಲ ಪುಟದಿಂದ ಹಿಡಿದರೆ ಹೆಸರುಗಳನ್ನು ಉರುಹೊಡೆಯುವುದರಲ್ಲೇ ಸೆಮಿಸ್ಟರ್ ಮುಗಿಯುತ್ತದೆ. ಪ್ರತಿ ಅಧ್ಯಾಯದಲ್ಲೂ ಇಷ್ಟು ಹುಡುಕಿ: ಯಾವ ಪರಿಮಾಣ ಬದಲಾಗುತ್ತಿದೆ, ದೇಹ ಅದನ್ನು ಎಲ್ಲಿ ಅಳೆಯುತ್ತದೆ, ಯಾವುದು ಅದನ್ನು ಮತ್ತೆ ಮೊದಲಿನ ಮಟ್ಟಕ್ಕೆ ತರುತ್ತದೆ.

ಜೀವಕೋಶದ ಪೊರೆಯಿಂದ ಶುರು ಮಾಡಿ. ಪೊಟ್ಯಾಸಿಯಂ ಹೊರಗೆ ಲೀಟರಿಗೆ ಸುಮಾರು 4 ಮಿಲಿಮೋಲ್, ಒಳಗೆ 140. ಇದನ್ನು ನರ್ನ್‌ಸ್ಟ್ ಸಮೀಕರಣಕ್ಕೆ, ಅಂದರೆ ಪೊರೆಯ ಎರಡು ಬದಿಯ ಅಯಾನು ಸಾಂದ್ರತೆಯಿಂದ ವೋಲ್ಟೇಜ್ ಲೆಕ್ಕಹಾಕುವ ಸೂತ್ರಕ್ಕೆ, ಹಾಕಿದರೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ −95 ಮಿಲಿವೋಲ್ಟ್ ಬರುತ್ತದೆ. ಆದರೆ ನರಕೋಶದ ವಿಶ್ರಾಂತ ಪೊಟೆನ್ಷಿಯಲ್ (ಸಂಕೇತ ಕಳಿಸದೆ ಸುಮ್ಮನಿರುವಾಗ ಪೊರೆಯಲ್ಲಿರುವ ವೋಲ್ಟೇಜ್) ಸುಮಾರು −70. ಮುಖ್ಯವಾಗಿ ಸೋಡಿಯಂ ಸ್ವಲ್ಪ ಸ್ವಲ್ಪವೇ ಒಳಕ್ಕೆ ಸೋರುವುದರಿಂದ ಈ ವ್ಯತ್ಯಾಸ. ಲೆಕ್ಕವನ್ನು ಕೈಯಲ್ಲೇ ಮಾಡಿ. ಹೃದಯದ ವಿದ್ಯುತ್ ಸಂಕೇತ ಇಸಿಜಿ, ಸ್ನಾಯುವಿನದು ಇಎಂಜಿ, ಮಿದುಳಿನದು ಇಇಜಿ, ಮೂರಕ್ಕೂ ಮೂಲ ಇಲ್ಲೇ ಇದೆ. ಇಸಿಜಿಯ ಬ್ಯಾಂಡ್ 0.05ರಿಂದ 150 ಹರ್ಟ್ಸ್, ಚರ್ಮದ ಮೇಲಿನ ಇಎಂಜಿಯದು ಸರಿಸುಮಾರು 20ರಿಂದ 500. ಎರಡೂ ಒಂದರ ಮೇಲೊಂದು ಬೀಳುವುದರಿಂದ ಸ್ನಾಯುವಿನ ನಾಯ್ಸ್ ಬರೀ ಫಿಲ್ಟರ್‌ನಿಂದ ಹೋಗುವುದಿಲ್ಲ. ರೋಗಿ ಕೈಕಾಲು ಸಡಿಲ ಬಿಟ್ಟು ಮಲಗಬೇಕು.

ಹೆಚ್ಚು ಸಮಯ ಕೊಡಬೇಕಾದದ್ದು ರಕ್ತಪರಿಚಲನೆಗೆ. ಒತ್ತಡವೇ ವೋಲ್ಟೇಜ್, ಹರಿವೇ ಕರೆಂಟ್ ಎಂದುಕೊಳ್ಳಿ. ಸರಾಸರಿ ಒತ್ತಡ 93 ಮಿ.ಮೀ. ಪಾದರಸ, ಹೃದಯ ನಿಮಿಷಕ್ಕೆ ತಳ್ಳುವುದು 5 ಲೀಟರ್. ಭಾಗಿಸಿದರೆ ಒಟ್ಟು ರೋಧ ಸುಮಾರು 18.6, ಅಂದರೆ ನಿಮಿಷಕ್ಕೆ ಒಂದು ಲೀಟರ್ ಹರಿವಿಗೆ ಅಷ್ಟು ಮಿ.ಮೀ. ಪಾದರಸ. ಹೋಲಿಕೆ ಕೈಕೊಡುವ ಜಾಗವನ್ನೂ ತಿಳಿದಿರಿ. ಈ ರೋಧ ಸ್ಥಿರವಲ್ಲ, ಅದನ್ನು ಹೆಚ್ಚಾಗಿ ನಿರ್ಧರಿಸುವುದು ಆರ್ಟೀರಿಯೋಲ್ ಎಂಬ ಕಿರುಧಮನಿಗಳು. ಹರಿವು ತ್ರಿಜ್ಯದ ನಾಲ್ಕನೇ ಘಾತವನ್ನು ಅನುಸರಿಸುವುದರಿಂದ ತ್ರಿಜ್ಯ ಶೇ. 19 ಹಿಗ್ಗಿದರೆ ಸಾಕು, ಅದೇ ಒತ್ತಡದಲ್ಲಿ ಹರಿವು ಇಮ್ಮಡಿಯಾಗುತ್ತದೆ.

ಪರೀಕ್ಷೆಯಲ್ಲಿ ಅಂಕ ಹೋಗುವುದು ಫೀಡ್‌ಬ್ಯಾಕ್‌ನಲ್ಲಿ. ‘ಎದ್ದು ನಿಂತರೆ ಬಿಪಿ ಇಳಿಯುತ್ತದೆ, ಹೃದಯ ಬಡಿತ ಏರುತ್ತದೆ’ ಎಂದು ಬರೆದು ನಡುವಿನದನ್ನು ನುಂಗಿಬಿಡುತ್ತಾರೆ. ಬಾಣಗಳನ್ನು ಬಿಡಿಸಿ, ಪ್ರತಿಯೊಂದಕ್ಕೂ ಚಿಹ್ನೆ ಹಾಕಿ: ಒತ್ತಡದಿಂದ ಬ್ಯಾರೋರಿಸೆಪ್ಟರ್‌ಗೆ (ಧಮನಿಯ ಗೋಡೆಯಲ್ಲಿ ಒತ್ತಡ ಅಳೆಯುವ ಸೆನ್ಸರ್) ಪ್ಲಸ್, ಅಲ್ಲಿಂದ ಹೃದಯವನ್ನು ಚುರುಕಾಗಿಸುವ, ರಕ್ತನಾಳಗಳನ್ನು ಬಿಗಿಯಾಗಿಸುವ ಸಿಂಪಥೆಟಿಕ್ ನರಗಳಿಗೆ ಮೈನಸ್, ಅಲ್ಲಿಂದ ಬಡಿತಕ್ಕೂ ರೋಧಕ್ಕೂ ಪ್ಲಸ್, ಅವುಗಳಿಂದ ಮತ್ತೆ ಒತ್ತಡಕ್ಕೆ ಪ್ಲಸ್. ಸುತ್ತಿನಲ್ಲಿ ಮೈನಸ್‌ಗಳು ಬೆಸ ಸಂಖ್ಯೆಯಲ್ಲಿದ್ದರೆ ನೆಗೆಟಿವ್ ಫೀಡ್‌ಬ್ಯಾಕ್, ಅಂದರೆ ಬದಲಾವಣೆಯನ್ನು ಎದುರಿಸುವ ಸುತ್ತು. ಹಾರ್ಮೋನ್‌ಗಳ ಅಧ್ಯಾಯಕ್ಕೂ ಇದೇ ಉಪಾಯ ಸಾಕಾಗುತ್ತದೆ.

ಉಸಿರಾಟದಲ್ಲಿ ಡೆಡ್ ಸ್ಪೇಸ್ ಬಿಡಬೇಡಿ, ಅಂದರೆ ಪ್ರತಿ ಉಸಿರಿನಲ್ಲೂ ಶ್ವಾಸನಾಳಗಳಲ್ಲೇ ಉಳಿದು ಗಾಳಿಗೂಡುಗಳಿಗೆ ತಲುಪದ ಗಾಳಿಯ ಭಾಗ. 500 ಮಿ.ಲೀ.ನಂತೆ 12 ಉಸಿರು, 250ರಂತೆ 24 ಉಸಿರು, ಎರಡೂ ನಿಮಿಷಕ್ಕೆ 6 ಲೀಟರೇ. ಡೆಡ್ ಸ್ಪೇಸ್‌ಗೆಂದು ಪ್ರತಿ ಉಸಿರಿಗೆ 150 ಮಿ.ಲೀ. ಕಳೆದು ನೋಡಿ: ಗಾಳಿಗೂಡುಗಳಿಗೆ ಮೊದಲನೆಯದರಲ್ಲಿ 4.2 ಲೀಟರ್ ತಲುಪಿದರೆ ಎರಡನೆಯದರಲ್ಲಿ 2.4 ಮಾತ್ರ. ವೆಂಟಿಲೇಟರ್ ಸೆಟ್ಟಿಂಗ್ ಅರ್ಥವಾಗಲು ಇದು ಬೇಕೇ ಬೇಕು. ಮೂತ್ರಪಿಂಡದಲ್ಲಿ ಶೋಧನೆಯ ದರ, ಅಂದರೆ ನಿಮಿಷಕ್ಕೆ 125 ಮಿ.ಲೀ., ಮತ್ತು ಮರುಹೀರಿಕೆ ಗೊತ್ತಿದ್ದರೆ ಸದ್ಯಕ್ಕೆ ನಡೆಯುತ್ತದೆ. ಜೀರ್ಣಾಂಗ, ಸಂತಾನೋತ್ಪತ್ತಿ ಅಧ್ಯಾಯಗಳನ್ನು ಪ್ರಾಜೆಕ್ಟ್‌ಗೆ ಬೇಕಾದಾಗ ಓದಿದರಾಯಿತು.

ಇನ್ನು ಯೂನಿಟ್‌ಗಳು. ರಕ್ತದೊತ್ತಡಕ್ಕೆ ಮಿ.ಮೀ. ಪಾದರಸ, ವೆಂಟಿಲೇಟರ್‌ಗೆ ಸೆಂ.ಮೀ. ನೀರು, ಮೊದಲನೆಯದರ 1 ಎಂದರೆ ಎರಡನೆಯದರ 1.36. ಹಾಗಾಗಿ ನೀರು ತುಂಬಿದ ನಳಿಕೆಗೆ ಜೋಡಿಸಿದ ಪ್ರೆಶರ್ ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಬಿಪಿ ಸುಮಾರು 7.4 ಮಿ.ಮೀ. ಹೆಚ್ಚು ತೋರಿಸುತ್ತದೆ, ಸರ್ಕ್ಯೂಟ್‌ನಲ್ಲಿ ಯಾವ ದೋಷವೂ ಇಲ್ಲದೆ.