ಪ್ರವಾಹ ಬರುವ ನಮ್ಮ ಹಳ್ಳಿಗೆ ತಡೆಗೋಡೆ ಕಟ್ಟಿಕೊಡಿ ಎಂದು ಕಾನೂನಿನ ಮೂಲಕ ಕೇಳಬಹುದೇ?

ನಿಮ್ಮೂರು ಘಟಪ್ರಭೆಯ ದಂಡೆಯಲ್ಲಿದೆ, ಮತ್ತೆ ಮತ್ತೆ ನೀರು ನುಗ್ಗುತ್ತದೆ, ಯಾವ ಕಾನೂನು ಹಿಡಿದು ತಡೆಗೋಡೆ ಕೇಳಬೇಕು, ದುಡ್ಡು ಯಾವ ನಿಧಿಯಿಂದ ಬರುತ್ತದೆ ಅಂತ ಕೇಳಿದ್ದೀರಿ. ಕೊನೆಗೆ ಇನ್ನೊಂದು ಮಾತು ಸೇರಿಸಿದ್ದೀರಿ: ಊರು ಬಿಡುವ ಪ್ರಶ್ನೆಯೇ ಇಲ್ಲ, ಅದನ್ನು ಗ್ರಾಮಸಭೆಯ ಠರಾವಿನಲ್ಲೂ ಬರೆಸುತ್ತೇವೆ ಅಂತ. ದಯವಿಟ್ಟು ಅದನ್ನು ಬರೆಸಬೇಡಿ. ನಮ್ಮೂರಿನ ಠರಾವಿನಲ್ಲಿ ಆ ಸಾಲನ್ನು ನಾನೇ ನನ್ನ ಕೈಯಾರೆ ಬರೆದಿದ್ದೆ.

ನಮ್ಮದು ಮಲಪ್ರಭೆಯ ದಂಡೆ. ಅಗಸಿ ದಾಟಿ ಏರಿದರೆ ಮೇಲಿನ ಓಣಿ, ಹೊಳೆಯ ಕಡೆ ಇಳಿದರೆ ಕೆಳಗಿನ ಓಣಿ. ನಮ್ಮ ಮನೆ ಕೆಳಗಿನ ಓಣಿಯಲ್ಲಿ. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಉತ್ತರ ಕರ್ನಾಟಕದ ಎಷ್ಟೋ ಊರುಗಳನ್ನು ಮುಳುಗಿಸಿತಲ್ಲ, ಆಗ ನಮ್ಮ ಓಣಿಯಲ್ಲಿ ಎದೆಮಟ್ಟ ನೀರು. ಮೇಲಿನ ಓಣಿಯಲ್ಲಿ ಯಾರ ಹೊಸ್ತಿಲೂ ಒದ್ದೆಯಾಗಲಿಲ್ಲ. ಊರು ಒಂದೇ, ಆದರೆ ಹೊಳೆ ಬಂದಾಗ ಅದು ಎರಡು ಊರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಆ ಪ್ರವಾಹದ ನಂತರ ಸರ್ಕಾರ ದಾನಿಗಳ ನೆರವು ಪಡೆದು ಎತ್ತರದ ಜಾಗದಲ್ಲಿ 'ಆಸರೆ' ಮನೆಗಳನ್ನು ಕಟ್ಟಿಸಿತು. ನಮ್ಮೂರನ್ನೂ ಕೇಳಿದರು. ನಾನಾಗ ಡಿಗ್ರಿ ಮುಗಿಸಿ ಊರಲ್ಲೇ ಇದ್ದೆ. ಅರ್ಜಿ, ಮನವಿ ಏನೇ ಇದ್ದರೂ ಬರೆಯಲು ನನ್ನನ್ನೇ ಕರೆಯುತ್ತಿದ್ದರು. ಗ್ರಾಮಸಭೆಯಲ್ಲಿ ಚರ್ಚೆ ನಡೆಯಿತು. ನಡಾವಳಿ ಪುಸ್ತಕದಲ್ಲಿ ನಾನು ಬರೆದದ್ದು ಇಷ್ಟು: "ನಮ್ಮ ಗ್ರಾಮಕ್ಕೆ ಸ್ಥಳಾಂತರ ಬೇಡ. ನದಿ ದಂಡೆಗೆ ತಡೆಗೋಡೆ ನಿರ್ಮಿಸಿಕೊಡಬೇಕು."

ಬೇಡ ಅನ್ನಲು ನಮಗೆ ಕಾರಣಗಳಿದ್ದವು, ಅವು ಸುಳ್ಳಲ್ಲ. ಪಕ್ಕದೂರಿನ ಹೊಸ ಜಾಗ ನೋಡಿ ಬಂದಿದ್ದೆವು. ಸಣ್ಣ ಮನೆ. ದನ ಕಟ್ಟಲು ಜಾಗವಿಲ್ಲ, ಕಣಿಕೆ ಒಟ್ಟಲು ಜಾಗವಿಲ್ಲ. ಹೊಲ ದೂರ. ಹಕ್ಕುಪತ್ರ ಯಾವಾಗ ಅಂದರೆ ಯಾರ ಹತ್ತಿರವೂ ಉತ್ತರವಿಲ್ಲ. ಇಂಥ ಜಾಗಕ್ಕೆ ಹೋಗಲ್ಲ ಅಂದದ್ದರಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಅದನ್ನು ಬರೆದ ರೀತಿಯಲ್ಲಿ. ಅದನ್ನು ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ನೀವೂ ಹಾಗೇ ಬರೆಯಲು ಹೊರಟಿದ್ದೀರಿ.

ಮೊದಲು, ಕಾರಣಗಳಲ್ಲಿ ಒಂದನ್ನೂ ನಾನು ಬರೆಯಲಿಲ್ಲ. ದನದ ಜಾಗ ಕೊಟ್ಟರೆ, ಹಕ್ಕುಪತ್ರ ಕೈಗೆ ಬಂದರೆ, ಹೊಲಕ್ಕೆ ರಸ್ತೆಯಾದರೆ ಹೋಗುತ್ತೇವೆ ಅಂತ ಬರೆದಿದ್ದರೆ ಅದು ಬೇಡಿಕೆಯಾಗುತ್ತಿತ್ತು. ಸರ್ಕಾರ ಅದಕ್ಕೆ ಉತ್ತರ ಕೊಡಬೇಕಾಗುತ್ತಿತ್ತು. "ಬೇಡ" ಅಂದರೆ ಯಾರೂ ಏನೂ ಉತ್ತರಿಸಬೇಕಿಲ್ಲ, ಫೈಲು ಅಲ್ಲಿಗೇ ಮುಗಿಯಿತು. ಇನ್ನೊಂದು, "ನಮ್ಮ ಗ್ರಾಮ" ಅಂತ ಬರೆದೆ. ಸಭೆಯಲ್ಲಿ ಕೂತವರಲ್ಲಿ ಮೇಲಿನ ಓಣಿಯವರೇ ಜಾಸ್ತಿ. ಮುಳುಗದವರು ಸೇರಿ ಮುಳುಗುವವರ ಪರವಾಗಿ ತೀರ್ಮಾನ ಮಾಡಿದಂತಾಯಿತು. ಕೆಳಗಿನ ಓಣಿಯ ಹೆಂಗಸರು ಆ ಸಭೆಗೆ ಬಂದೇ ಇರಲಿಲ್ಲ. ಹೊಳೆ ಬಂದಾಗಲೆಲ್ಲ ಹಿಟ್ಟಿನ ಡಬ್ಬಿ ತಲೆ ಮೇಲೆ, ಕೂಸು ಕಂಕುಳಲ್ಲಿ ಇಟ್ಟುಕೊಂಡು ಓಡಿದವರು ಅವರು. ಆಮೇಲೆ ಕೇಳಿದರೆ ನಮ್ಮವ್ವ ಅಂದಳು, "ನನ್ನ ಕೇಳಿದ್ರ ಅವತ್ತೇ ಹೋಗೂಣು ಅಂತಿದ್ದೆ." ಮೂರನೆಯದಾಗಿ, ಗೋಡೆ ಮತ್ತು ಸ್ಥಳಾಂತರ ಎರಡನ್ನೂ ಒಂದೇ ಠರಾವಿನಲ್ಲಿ ಕಟ್ಟಿಹಾಕಿದೆ. ಗೋಡೆಗೆ ಅಂದಾಜುಪಟ್ಟಿ ಕೂಡ ಆಗಲಿಲ್ಲ. ಗೋಡೆ ಹೋದಾಗ ಅದರ ಜೊತೆ ಇನ್ನೊಂದು ದಾರಿಯೂ ಮುಚ್ಚಿತು.

2019ರ ಆಗಸ್ಟ್. ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಡ್ಯಾಮ್ ತುಂಬಿ ಹೊಳೆಗೆ ನೀರು ಬಿಟ್ಟರು. ಕೆಳಗಿನ ಓಣಿ ಮತ್ತೆ ಮುಳುಗಿತು. ಆ ವರ್ಷ ಒಂದೇ ಸಲಕ್ಕೆ ಮುಗಿಯಲೂ ಇಲ್ಲ, ಅಕ್ಟೋಬರ್‌ವರೆಗೆ ಹೊಳೆ ಮತ್ತೆ ಮತ್ತೆ ಬಂತು. ನನ್ನ ತಮ್ಮನ ಮನೆಯ ಮಣ್ಣಿನ ಗೋಡೆಗಳು ಬುಡದಿಂದ ನೆನೆದು ಕುಸಿದವು. ಮಾಳಿಗೆಯ ತೊಲೆ ಒಂದು ಕಡೆ ನೆಲಕ್ಕೆ ಊರಿ, ಇನ್ನೊಂದು ಕಡೆ ನಿಂತ ಗೋಡೆಗೆ ಒರಗಿತ್ತು. ಆ ಗೋಡೆಯ ಮೇಲೆ ದೇವರ ಫೋಟೋ ಹಾಕಿದ ಮೊಳೆಗಿಂತ ಒಂದು ಗೇಣು ಮೇಲೆ ಕೆಸರಿನ ಗೆರೆ.

ಈ ಸಲ ಕೆಳಗಿನ ಓಣಿಯವರೆಲ್ಲ ಒಟ್ಟಾಗಿ ಬೇರೆ ಜಾಗ ಕೊಡಿ ಅಂತ ಹೋದೆವು. ಅಧಿಕಾರಿ ಹಳೆಯ ಫೈಲು ತರಿಸಿದರು. ನಡಾವಳಿಯ ಜೆರಾಕ್ಸ್ ಪ್ರತಿ, ಮೂಲೆಯಲ್ಲಿ ಪಂಚಾಯಿತಿಯ ದುಂಡು ಮೊಹರು, ಕೆಳಗೆ ಸಾಲಾಗಿ ಸಹಿ ಮತ್ತು ಹೆಬ್ಬೆಟ್ಟು. "ನಿಮ್ಮೂರವರೇ ಬೇಡ ಅಂದಾರಲ್ರಿ. ಇದು ಯಾರ ಅಕ್ಷರ?" ಅಂದರು. ನನ್ನದೇ ಅಂದೆ. ಅವರು ಒರಟಾಗಿ ಮಾತಾಡಲಿಲ್ಲ. ಹೊಸದಾಗಿ ಠರಾವು ಮಾಡಿ, ಜಾಗ ಗುರುತಿಸಿ, ಪ್ರಸ್ತಾವನೆ ಕಳಿಸಬೇಕು ಅಂದರು. ಅಷ್ಟರೊಳಗೆ ಮನೆ ಪರಿಹಾರದ ಕಂತು ಶುರುವಾಗಿತ್ತು, ಮನೆ ಕಟ್ಟದಿದ್ದರೆ ಮುಂದಿನ ಕಂತು ಇಲ್ಲ.

ದುಡ್ಡಿನ ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ. 2019ರಲ್ಲಿ ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಸಿಗುತ್ತಿದ್ದದ್ದು 95,100 ರೂಪಾಯಿ. ರಾಜ್ಯ ತನ್ನ ಹಣ ಸೇರಿಸಿ 'ಎ' ವರ್ಗದ ಮನೆಗೆ, ಅಂದರೆ ಶೇ. 75ಕ್ಕಿಂತ ಜಾಸ್ತಿ ಹಾನಿಯಾದ ಮನೆಗೆ, 5 ಲಕ್ಷ ಕೊಟ್ಟಿತು. ಒಳ್ಳೆಯ ಮೊತ್ತವೇ. ನನ್ನ ತಮ್ಮನಿಗೂ ಬಂತು. ಆದರೆ ಅದು ಮನೆಗೆ ಕೊಟ್ಟ ದುಡ್ಡು, ಜಾಗಕ್ಕಲ್ಲ. ಬೇರೆ ಜಾಗ ಅವನಿಗಿಲ್ಲ. ಹಾಗಾಗಿ ಅದೇ ತಗ್ಗಿನಲ್ಲಿ, ಅದೇ ತಳಪಾಯದ ಪಕ್ಕ, ಕಟ್ಟೆ ಸ್ವಲ್ಪ ಎತ್ತರಿಸಿ ಹೊಸ ಮನೆ ಕಟ್ಟಿದ. ಇವತ್ತಿಗೂ ಅಲ್ಲೇ ಇದ್ದಾನೆ. ಆಗಸ್ಟ್ ಬಂತೆಂದರೆ ರಾತ್ರಿ ಎದ್ದೆದ್ದು ಹೊಳೆ ನೋಡುತ್ತಾನೆ.

ಈಗ ನಿಮ್ಮ ಗೋಡೆಗೆ ಬರೋಣ. ಗೋಡೆ ಕಟ್ಟಲೇಬೇಕು ಅಂತ ಸರ್ಕಾರಕ್ಕೆ ಹೇಳುವ ಕಾನೂನು ಇಲ್ಲ. ನೀರು, ಒಡ್ಡು, ನೀರು ಹೊರಹಾಕುವ ವ್ಯವಸ್ಥೆ ಇವೆಲ್ಲ ಸಂವಿಧಾನದ ರಾಜ್ಯಪಟ್ಟಿಯಲ್ಲಿವೆ. ಎಲ್ಲಿ, ಏನು ಕಟ್ಟಬೇಕು ಅನ್ನುವುದು ರಾಜ್ಯಕ್ಕೆ ಬಿಟ್ಟದ್ದು. ನದಿಯ ನೀರು ಹರಡುವ ಬಯಲಿನಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಅಂತ ಹೇಳುವ ಮಾದರಿ ಮಸೂದೆಯನ್ನು ಕೇಂದ್ರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ 1978ರಲ್ಲಿ, ರಾಜಸ್ಥಾನ 1990ರಲ್ಲಿ, ಉತ್ತರಾಖಂಡ 2012ರಲ್ಲಿ ಕಾಯ್ದೆ ಮಾಡಿದವು. ನಮ್ಮ ರಾಜ್ಯ ಮಾಡಿಲ್ಲ. ಇದು ನನಗೆ ನಿಜವಾಗಿಯೂ ಸಿಟ್ಟು ತರಿಸುವ ವಿಷಯ.

ನಮ್ಮ ಕೈಯಲ್ಲಿರುವುದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಅದರಲ್ಲಿ ಎರಡು ಬಗೆಯ ನಿಧಿ ಹೇಳಿದ್ದಾರೆ. ಒಂದು ವಿಪತ್ತು ಬಂದ ಮೇಲೆ ಖರ್ಚು ಮಾಡಲು, ಇನ್ನೊಂದು ಬರುವ ಮೊದಲೇ ಹಾನಿ ತಗ್ಗಿಸಲು. ಮೊದಲನೆಯದು ಬೇಗ ಬಂತು. ಎರಡನೆಯದು, ಅಂದರೆ ರಾಷ್ಟ್ರೀಯ ವಿಪತ್ತು ಉಪಶಮನ ನಿಧಿ, ಆದದ್ದು 2021ರ ಫೆಬ್ರುವರಿಯಲ್ಲಿ. 2009ರ ಹೊಳೆಯೂ 2019ರ ಹೊಳೆಯೂ ಈ ನಡುವೆಯೇ ಬಂದು ಹೋದವು. ಕಾನೂನಿನಲ್ಲಿ ಇದ್ದ ನಿಧಿ ಖಜಾನೆಯಲ್ಲಿ ಇರಲಿಲ್ಲ.

ಕೇಂದ್ರ ಮತ್ತು ರಾಜ್ಯಗಳ ನಡುವೆ ಹಣ ಹೇಗೆ ಹಂಚಬೇಕು ಅಂತ ಹೇಳುವ 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ರಾಜ್ಯಗಳ ವಿಪತ್ತು ಹಣವನ್ನು ಹೀಗೆ ಹಂಚಿತು: ಶೇ. 80 ಪರಿಹಾರ ಮತ್ತು ಪುನರ್‌ನಿರ್ಮಾಣದ ಕಡೆಯ ನಿಧಿಗೆ, ಶೇ. 20 ಉಪಶಮನ ನಿಧಿಗೆ. ನಮ್ಮಂಥ ರಾಜ್ಯಕ್ಕೆ ಕೇಂದ್ರದ ಪಾಲು ಶೇ. 75, ರಾಜ್ಯದ್ದು ಶೇ. 25. ಆ ಶೇ. 20ರಲ್ಲಿ ಗೋಡೆ ಕೇಳೋಣ ಅನಿಸುತ್ತದೆ, ಅಲ್ವಾ? ಆದರೆ ಅದೇ ಆಯೋಗ ಸ್ಪಷ್ಟವಾಗಿ ಬರೆದಿದೆ: ಈ ನಿಧಿ ಸ್ಥಳೀಯ ಮಟ್ಟದ, ಸಮುದಾಯದ ಕೆಲಸಗಳಿಗೆ. ಪ್ರವಾಹದ ಒಡ್ಡು, ಕಡಲ ತಡೆಗೋಡೆಯಂಥ ದೊಡ್ಡ ಕೆಲಸಗಳನ್ನು ಇದರಲ್ಲಿ ಮಾಡಬಾರದು, ಇಲಾಖೆಗಳ ಮಾಮೂಲಿ ಯೋಜನೆಗಳಲ್ಲೇ ಮಾಡಬೇಕು. ಅಂದರೆ ನಿಮ್ಮ ಗೋಡೆ ನೀರಾವರಿ ಬಜೆಟ್ಟಿನ ಸಾಲಿನಲ್ಲಿ ನಿಲ್ಲಬೇಕು. ಅಲ್ಲಿ ಅದರ ಮುಂದೆ ಏತ ನೀರಾವರಿ, ಕಾಲುವೆ ದುರಸ್ತಿ, ಸೇತುವೆ ಎಲ್ಲ ನಿಂತಿವೆ.

ಮತ್ತೊಂದು ಮಾತು. ಗೋಡೆ ಸಿಕ್ಕರೂ ನಿಮ್ಮ ಊರು ಉಳಿಯುತ್ತದೆ ಅಂತ ನನಗೆ ನಂಬಿಕೆಯಿಲ್ಲ. ಊರಿನ ಹಿಂದಿನಿಂದ ಬರುವ ಹಳ್ಳ ಹೊಳೆಗೆ ಸೇರುವ ಕಡೆ ಗೋಡೆಗೆ ಬಾಯಿ ಬಿಡಲೇಬೇಕು. ಹೊಳೆ ಏರಿದಾಗ ಅದೇ ಬಾಯಿಂದ ನೀರು ಒಳಗೆ ಬರುತ್ತದೆ. ಗೇಟು ಹಾಕಿ ಮುಚ್ಚಿದರೆ ಹಳ್ಳದ ನೀರು ಊರೊಳಗೇ ನಿಲ್ಲುತ್ತದೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಉಬ್ಬುತ್ತದೆ, ಅದರ ಮೇಲೆ ಕಟ್ಟಿದ್ದು ಅಲುಗಾಡದೆ ನಿಲ್ಲುವುದು ಕಷ್ಟ. ಇಷ್ಟರ ಮೇಲೆ, ಈ ದಂಡೆಯಲ್ಲಿ ತಡೆದ ನೀರು ಆಚೆ ದಂಡೆಯ ಊರಿಗೆ ಹೋಗುತ್ತದೆ. ಆ ಊರಿನಲ್ಲೂ ಕೆಳಗಿನ ಓಣಿ ಇರುತ್ತದೆ.

ನಾನಾಗಿದ್ದರೆ ಈಗ ಏನು ಮಾಡುತ್ತಿದ್ದೆ? ಮೊದಲು ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆಯ ಪ್ರತಿ ತರಿಸುತ್ತಿದ್ದೆ. ಕಾಯ್ದೆಯ ಸೆಕ್ಷನ್ 31ರ ಪ್ರಕಾರ ಪ್ರತಿ ಜಿಲ್ಲೆಗೂ ಅಂಥ ಯೋಜನೆ ಇರಬೇಕು. ಅಪಾಯದ ಜಾಗಗಳು ಯಾವುವು, ತಡೆಯಲು ಏನು ಮಾಡುತ್ತಾರೆ ಅನ್ನುವುದು ಅದರಲ್ಲಿರಬೇಕು, ಕಾಲಕಾಲಕ್ಕೆ ಪರಿಷ್ಕರಣೆಯೂ ಆಗಬೇಕು. ಅದನ್ನು ಮಾಡುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಡಿಸಿ, ಅಂದರೆ ಜಿಲ್ಲಾಧಿಕಾರಿ. ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ನಿಮ್ಮ ಊರಿನ ಹೆಸರು ಅದರಲ್ಲಿ ಇದೆಯಾ ನೋಡಿ. ಬರೀ ಹೆಸರು ಸಾಲದು, ಎದುರಿಗೆ ಕೆಲಸ ಬರೆದಿದ್ದಾರಾ ನೋಡಿ. ಇಲ್ಲದಿದ್ದರೆ ಸೇರಿಸಿ ಅಂತ ಕೇಳುವುದೇ ನಿಮ್ಮ ಮೊದಲ ಬೇಡಿಕೆ. ತಡೆಯುವ ಕೆಲಸದ ಹಣ ಕೇಳಲು ಹೋದಾಗ ತೋರಿಸಲು ಒಂದು ಕಾಗದ ಬೇಕಲ್ಲ, ಅದು ಇದು.

ಆಮೇಲೆ ಹೊಳೆಯ ಗಡಿ ಅಳತೆ. ನದಿಪಾತ್ರ ಸರ್ಕಾರದ ಆಸ್ತಿ ಅಂತ ಭೂಕಂದಾಯ ಕಾಯ್ದೆಯ ಸೆಕ್ಷನ್ 67 ಹೇಳುತ್ತದೆ, ಒತ್ತುವರಿ ತೆರವಿಗೆ ಸೆಕ್ಷನ್ 104 ಇದೆ. ನಮ್ಮ ಕಡೆ ಮಲಪ್ರಭೆ ಎಷ್ಟು ಕಿರಿದಾಗಿದೆ ಅಂದರೆ ಕಬ್ಬು ಪಾತ್ರದೊಳಗೇ ಇಳಿದಿದೆ, ಉಳಿದ ಜಾಗದಲ್ಲಿ ಜಾಲಿಕಂಟಿ. ಒತ್ತುವರಿ ಮಾಡಿದವರು ಹೊರಗಿನವರಲ್ಲ, ನಮ್ಮ ನೆಂಟರೇ. ಅದಕ್ಕೇ ಇದನ್ನು ಯಾರೂ ಕೇಳುವುದಿಲ್ಲ. ಕೇಳಿ. ಬಾಂದಾರದ, ಅಂದರೆ ಹೊಳೆಗೆ ಅಡ್ಡ ಕಟ್ಟಿದ ಸಣ್ಣ ಒಡ್ಡಿನ, ಗೇಟುಗಳನ್ನು ಮಳೆಗಾಲಕ್ಕೆ ಮೊದಲು ತೆಗೆಯುತ್ತಾರಾ, ಸೇತುವೆಯ ಕಣ್ಣುಗಳಲ್ಲಿ ಸಿಕ್ಕ ಕಸ ತೆಗೆಯುತ್ತಾರಾ, ಅದನ್ನೂ ಮೇ ತಿಂಗಳಲ್ಲೇ ಬರೆದು ಕೊಡಿ. ಇವು ಕಡಿಮೆ ಖರ್ಚಿನ ಕೆಲಸಗಳು, ಗೋಡೆಯಷ್ಟು ವರ್ಷ ಕಾಯಬೇಕಿಲ್ಲ.

ಸ್ಥಳಾಂತರದ ಠರಾವನ್ನು ಪೂರ್ತಿ ಬೇರೆಯಾಗಿ ಮಾಡಿ. ಗ್ರಾಮಸಭೆಗೆ ಮೊದಲು ಮುಳುಗುವ ಓಣಿಯ ವಾರ್ಡ್ ಸಭೆ ಕರೆಯಿರಿ. ಹೆಂಗಸರು ಬರುವ ಹೊತ್ತಿಗೆ ಇಡಿ, ಅಡುಗೆ ಹೊತ್ತಿಗಲ್ಲ. ಯಾವ ಮನೆಗಳು, ಎಲ್ಲಿಯವರೆಗೆ ನೀರು ಬಂದಿತ್ತು, ಹೋಗಲು ಏನೇನು ಬೇಕು, ಎಲ್ಲ ಬರೆಯಿರಿ. ದನದ ಜಾಗ, ಬಣವೆಯ ಜಾಗ, ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಹಕ್ಕುಪತ್ರ, ಹೊಲಕ್ಕೆ ರಸ್ತೆ. ಹೋಗಲು ಮನಸ್ಸಿಲ್ಲದವರನ್ನು ಒತ್ತಾಯಿಸಬೇಡಿ. ಆದರೆ ಅವರ "ಬೇಡ"ವನ್ನು ಇಡೀ ಊರಿನ ಹೆಸರಲ್ಲಿ ಬರೆಯಬೇಡಿ.

ಕೋರ್ಟಿನ ಬಗ್ಗೆಯೂ ಕೇಳಿದ್ದೀರಿ. ವಿಪತ್ತು ನಿರ್ವಹಣಾ ಕಾಯ್ದೆಯ ಸೆಕ್ಷನ್ 71ರ ಪ್ರಕಾರ ಈ ಕಾಯ್ದೆಯಡಿ ಆದ ಕ್ರಮಗಳನ್ನು ಸುಪ್ರೀಂ ಕೋರ್ಟ್ ಅಥವಾ ಹೈಕೋರ್ಟ್ ಬಿಟ್ಟು ಬೇರೆ ಕೋರ್ಟಿನಲ್ಲಿ ಪ್ರಶ್ನಿಸಲು ಆಗುವುದಿಲ್ಲ. ತಾಲ್ಲೂಕು ಕೋರ್ಟಿಗೆ ಅಲೆದು ವಕೀಲರ ಫೀಸು ಕಳೆದುಕೊಳ್ಳಬೇಡಿ. ಹೈಕೋರ್ಟಿಗೆ ಹೋಗುವುದಾದರೂ ಗೋಡೆ ಕಟ್ಟಿಸಿ ಅಂತ ಹೋಗಬೇಡಿ. ಜಿಲ್ಲಾ ಯೋಜನೆಯಲ್ಲಿ ನಮ್ಮ ಊರಿಗೆ ಬರೆದ ಕೆಲಸ ಯಾಕೆ ಆಗಿಲ್ಲ ಅಂತ ಹೋಗಿ. ಅದಕ್ಕೆ ಠರಾವಿನ ದೃಢೀಕೃತ ಪ್ರತಿ, ಡಿಸಿ ಕಚೇರಿಗೆ ಕೊಟ್ಟ ಅರ್ಜಿಯ ಸ್ವೀಕೃತಿ, ಮಾಹಿತಿ ಹಕ್ಕಿನಲ್ಲಿ ಬಂದ ಉತ್ತರ, ಈ ಮೂರೂ ನಿಮ್ಮ ಹತ್ತಿರ ಇರಬೇಕು. ಗ್ರಾಮಸಭೆಗೆ ಮೊದಲು ಠರಾವಿನ ಕರಡನ್ನು ಇಲ್ಲಿ ಹಾಕಿದರೆ ಸಾಲು ಸಾಲು ಓದಿ ಹೇಳುತ್ತೇನೆ.