ಆನ್‌ಲೈನ್ ಓದುಗರ ಗುಂಪಿನಲ್ಲಿ ಕಾದಂಬರಿ ಬಗ್ಗೆ ಯಾರಿಗೂ ನೋವಾಗದಂತೆ ಅಭಿಪ್ರಾಯ ಬರೆಯುವುದು ಹೇಗೆ?

ಡೊಂಬಿವಲಿ, ನೆರೂಳ್, ಪಿಂಪ್ರಿ, ವಾಸ್ಕೊ ಹೀಗೆ ಮುಂಬಯಿ, ಪುಣೆ, ಗೋವಾ ಕಡೆ ಹರಡಿಕೊಂಡ ಕನ್ನಡದವರು ಸೇರಿ ವಾಟ್ಸಾಪಿನಲ್ಲಿ ಕಾದಂಬರಿ ಓದುತ್ತಿದ್ದೀರಿ. ಎರಡನೇ ಪುಸ್ತಕಕ್ಕೇ ‘ಚೆನ್ನಾಗಿದೆ’, ‘ಅದ್ಭುತ’ ಬಿಟ್ಟರೆ ಬೇರೆ ಮಾತು ಬರುತ್ತಿಲ್ಲ, ಒಬ್ಬರು ಟೀಕಿಸಿದರೆ ಇನ್ನೊಬ್ಬರು ಮುನಿಸಿಕೊಳ್ಳುತ್ತಾರೆ ಅಂದಿದ್ದೀರಿ. ನಾನಿರುವ ಗುಂಪೂ ಒಂದು ಕಾಲಕ್ಕೆ ಥೇಟ್ ಹೀಗೇ ಇತ್ತು, ಅದಕ್ಕೇ ಸುತ್ತುಬಳಸದೆ ಹೇಳುತ್ತೇನೆ: ನೀವು ಕೇಳುತ್ತಿರುವ ನಯವಿನಯದ ನಿಯಮಾವಳಿ ನಿಮಗೆ ಬೇಕಾಗಿಲ್ಲ. ನಿಮ್ಮಲ್ಲಿ ಸೌಜನ್ಯಕ್ಕೆ ಕೊರತೆಯಿಲ್ಲ. ಎಲ್ಲರೂ ಪುಸ್ತಕದ ಒಂದೇ ಜಾಗದಲ್ಲಿ ನಿಂತು ಮಾತಾಡುತ್ತಿಲ್ಲ, ಅಷ್ಟೇ. ಅದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ: ‘ಈ ವಾರ 100ನೇ ಪುಟದವರೆಗೆ ಅಂತ ಹಂಚಿಕೊಂಡಿದ್ದೇವೆ.’

ಪುಟದ ಲೆಕ್ಕದಲ್ಲಿ ಹಂಚಿಕೊಳ್ಳುವುದೇ ಗುಂಪು ಕೆಡಿಸುವ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮೇಲ್ನೋಟಕ್ಕೆ ಇದು ತೀರಾ ಚಿಕ್ಕ ವಿಷಯ.

ನಮ್ಮ ಹಳೆಯ ಕಾದಂಬರಿಗಳಿಗೆ ಹತ್ತಾರು ಮುದ್ರಣ ಆಗಿರುತ್ತವೆ. ಅಕ್ಷರದ ಗಾತ್ರ, ಪುಸ್ತಕದ ಅಳತೆ, ಸಾಲಿನ ನಡುವಿನ ಜಾಗ ಬದಲಾದರೆ ಪುಟಸಂಖ್ಯೆಯೂ ಬದಲಾಗುತ್ತದೆ. ಒಬ್ಬರ ಹತ್ತಿರ ಅಪ್ಪ ಊರಿಂದ ತಂದಿಟ್ಟ ಹಳೆಯ ಪ್ರತಿ, ಅದು 280 ಪುಟ ಅಂದುಕೊಳ್ಳಿ. ಇನ್ನೊಬ್ಬರು ಬೆಂಗಳೂರಿನಿಂದ ತರಿಸಿದ ಹೊಸ ಮುದ್ರಣ 340 ಪುಟ. ಹಳೆಯ ಪ್ರತಿಯ 100ನೇ ಪುಟ ಹೊಸದರಲ್ಲಿ ಸುಮಾರು 121ಕ್ಕೆ ಬರುತ್ತದೆ. ಇಪ್ಪತ್ತು ಪುಟದಲ್ಲಿ ಒಂದು ಸಾವು, ಒಂದು ಮದುವೆ ಆಗಿಹೋಗಬಹುದು. ಮೂರನೆಯವರು ಮೊಬೈಲಿನಲ್ಲಿ ಇ-ಪುಸ್ತಕ ಓದುತ್ತಾರೆ, ಅಲ್ಲಿ ಅಕ್ಷರ ದೊಡ್ಡದು ಮಾಡಿದ ಕೂಡಲೇ ಪುಟದ ಲೆಕ್ಕವೇ ಬೇರೆ. ನಾಲ್ಕನೆಯವರು ಕಲ್ಯಾಣ್ ಲೋಕಲ್‌ನಲ್ಲಿ ನಿಂತುಕೊಂಡು ಆಡಿಯೋ ಕೇಳುತ್ತಾರೆ, ಅವರಿಗೆ ಪುಟವೇ ಇಲ್ಲ.

ಮುಂದೇನಾಗುತ್ತದೆ ನೋಡಿ. 100ನೇ ಪುಟ ಸಾಮಾನ್ಯವಾಗಿ ಒಂದು ದೃಶ್ಯದ ನಡುವೆ ಬಂದು ನಿಲ್ಲುತ್ತದೆ. ದೃಶ್ಯದ ನಡುವೆ ಪುಸ್ತಕ ಮುಚ್ಚಿಡುವ ಓದುಗ ಇಲ್ಲ. ಮುಂದಕ್ಕೆ ಓದುತ್ತಾನೆ, ಭಾನುವಾರ ಉತ್ಸಾಹದಲ್ಲಿ ಆ ಮುಂದಿನದನ್ನೂ ಸೇರಿಸಿ ಬರೆಯುತ್ತಾನೆ. ಹಿಂದಿದ್ದವರಿಗೆ ಕಥೆಯ ಗುಟ್ಟು ಬಯಲಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ತಾವು ಹಿಂದುಳಿದೆವು ಅನ್ನುವ ಸಂಕೋಚ ಹತ್ತುತ್ತದೆ. ಸಂಕೋಚ ಹತ್ತಿದವರು ‘ನಾನಿನ್ನೂ ಓದಿಲ್ಲ’ ಅನ್ನುವುದಿಲ್ಲ, ‘ಚೆನ್ನಾಗಿದೆ’ ಅನ್ನುತ್ತಾರೆ. ನಿಮ್ಮ ಗುಂಪಿನ ‘ಚೆನ್ನಾಗಿದೆ’ಗಳಲ್ಲಿ ಬಹುಪಾಲು ಹೀಗೆ ಬಂದವೇ. ಅವರನ್ನು ‘ವಿವರವಾಗಿ ಬರೆಯಿರಿ’ ಅಂತ ಒತ್ತಾಯಿಸಿದರೆ ಗುಂಪು ಬಿಟ್ಟು ಹೋಗುತ್ತಾರೆ.

ಜಗಳದ ಮೂಲವೂ ಬಹಳ ಸಲ ಇದೇ. ಅನಂತಮೂರ್ತಿಯವರ ‘ಸಂಸ್ಕಾರ’ವನ್ನೇ ತೆಗೆದುಕೊಳ್ಳಿ. ನಾರಣಪ್ಪನ ಹೆಣ ಅಗ್ರಹಾರದಲ್ಲಿ ಬಿದ್ದಿರುವಾಗ, ಪ್ರಾಣೇಶಾಚಾರ್ಯರು ಇನ್ನೂ ಧರ್ಮಶಾಸ್ತ್ರ ತಿರುವುತ್ತಿರುವಾಗ ನಿಂತ ಓದುಗನಿಗೆ ಅವರು ಒಂದು ಥರ ಕಾಣುತ್ತಾರೆ. ಊರು ಬಿಟ್ಟು ಹೊರಟ ಆಚಾರ್ಯರಿಗೆ ದಾರಿಯಲ್ಲಿ ಪುಟ್ಟ ಎಂಬವನು ಗಂಟುಬಿದ್ದ ಮೇಲಿನ ಪುಟಗಳನ್ನು ಓದಿದವನಿಗೆ ಬೇರೆಯೇ ಥರ. ಇಬ್ಬರೂ ಒಂದೇ ಹೆಸರು ಹಿಡಿದು ವಾದಿಸುತ್ತಾರೆ, ಇಬ್ಬರದ್ದೂ ಅವರವರ ಜಾಗದಲ್ಲಿ ಸರಿ. ಆದರೆ ಆ ಹೊತ್ತಿಗೆ ಮಾತು ಜಾತಿಗೆ ಹೋಗಿ, ಅಲ್ಲಿಂದ ವೈಯಕ್ತಿಕಕ್ಕೆ ಹೋಗಿರುತ್ತದೆ.

ಆದ್ದರಿಂದ ಗಡಿ ಹಾಕುವುದು ಪುಟಕ್ಕಲ್ಲ, ಕಥೆಗೆ. ಅಧ್ಯಾಯಗಳಿದ್ದರೆ ಅಧ್ಯಾಯದ ಕೊನೆ. ‘ಸಂಸ್ಕಾರ’ದಂತೆ ಲೇಖಕರೇ ಮೂರು ಭಾಗ ಮಾಡಿದ್ದರೆ ಆ ಭಾಗಗಳೇ ಗಡಿ. ಭೈರಪ್ಪನವರ ‘ಪರ್ವ’ದಲ್ಲಿ ಒಂದೊಂದು ಪಾತ್ರದ ಒಳಗಿನಿಂದ ಕಥೆ ಸಾಗುವುದರಿಂದ ಪಾತ್ರ ಬದಲಾಗುವ ಕಡೆ ನಿಲ್ಲಿಸಬಹುದು. ಅಧ್ಯಾಯಗಳು ತೀರಾ ಉದ್ದವಿದ್ದರೆ ಒಬ್ಬರು ಮುಂಚಿತವಾಗಿ ಓದಿ, ದೃಶ್ಯ ಮುಗಿಯುವ ಕಡೆ ಹುಡುಕಿ, ಆ ಪ್ಯಾರಾದ ಕೊನೆಯ ವಾಕ್ಯದ ಮೊದಲ ನಾಲ್ಕೈದು ಪದ ಟೈಪ್ ಮಾಡಿ, ಆ ಪ್ಯಾರಾದ ಫೋಟೋ ಒಂದನ್ನೂ ಹಾಕಬೇಕು. ಇ-ಪುಸ್ತಕದವರು ಆ ಪದಗಳನ್ನು ಹುಡುಕಿಕೊಳ್ಳುತ್ತಾರೆ. ಆಡಿಯೋದವರಿಗೆ ಎಷ್ಟನೇ ನಿಮಿಷ ಅಂತ ಅವರಲ್ಲೇ ಒಬ್ಬರು ಬರೆದು ಸೇರಿಸಲಿ. ಗಡಿಯ ಮಾತೇ ಗುಟ್ಟು ಬಿಟ್ಟುಕೊಡಬಾರದು ಅನ್ನುವುದನ್ನು ಗಮನಿಸಿ. ‘ಇಂಥವರು ಸಾಯುವವರೆಗೆ’ ಅಂತ ಬರೆದರೆ ಕೆಲಸ ಕೆಟ್ಟಿತು. ಈ ಗಡಿ ಸಂದೇಶವನ್ನು ಪಿನ್ ಮಾಡಿ. ಅದು ಮೇಲೆ ಎಷ್ಟು ಕಾಲ ಉಳಿಯಬೇಕು ಅನ್ನುವುದಕ್ಕೆ ವಾಟ್ಸಾಪಿನಲ್ಲಿ 24 ಗಂಟೆ, 7 ದಿನ, 30 ದಿನ ಅಂತ ಆಯ್ಕೆ ಇದೆ, ನಿಮಗೆ 7 ದಿನ ಸಾಕು.

ಪ್ರಮಾಣ: ವಾರಕ್ಕೆ 70-80 ಪುಟದಷ್ಟು, ಹೆಚ್ಚು ಬೇಡ. ಮುಂಬಯಿಯಲ್ಲಿ ದಿನಕ್ಕೆ ಮೂರು ಗಂಟೆ ರೈಲಿನಲ್ಲಿ ಕಳೆಯುವವರು ಓದುವುದು ಶನಿವಾರ ರಾತ್ರಿ, ಭಾನುವಾರ ಬೆಳಿಗ್ಗೆ. ಗಣೇಶ ಚತುರ್ಥಿಯ ವಾರಗಳಲ್ಲಿ ಗಡಿಯನ್ನೇ ಹಾಕಬೇಡಿ, ಮುಂಬಯಿ, ಪುಣೆ, ಗೋವಾ ಮೂರೂ ಕಡೆ ಯಾರೂ ಓದುವುದಿಲ್ಲ.

ಈಗ ಅಭಿಪ್ರಾಯದ ಬರವಣಿಗೆ. ಮೊದಲ ಸಾಲಿನಲ್ಲಿ ಕಾದಂಬರಿಯ ಹೆಸರು ಮತ್ತು ಎಷ್ಟನೇ ಭಾಗ ಅನ್ನುವುದು ಮಾತ್ರ ಇರಲಿ. ಫೋನಿನ ನೋಟಿಫಿಕೇಶನ್‌ನಲ್ಲಿ ಮೊದಲ ಸಾಲುಗಳು ತಾವಾಗಿ ಕಾಣುತ್ತವೆ, ಅಲ್ಲಿ ಕಥೆಯ ತಿರುವು ಇದ್ದರೆ ಗುಂಪು ತೆರೆಯದವರಿಗೂ ಅದು ಗೊತ್ತಾಗಿಬಿಡುತ್ತದೆ. ಟೆಲಿಗ್ರಾಂ ಬಳಸುವವರಾದರೆ ಸಾಲುಗಳನ್ನು ಆಯ್ದು ಸ್ಪಾಯ್ಲರ್ ಮಾಡಿ (ಮುಟ್ಟಿದರೆ ಮಾತ್ರ ಕಾಣುವಂತೆ) ಮುಚ್ಚಬಹುದು, ಒಂದೊಂದು ಭಾಗಕ್ಕೆ ಒಂದೊಂದು ಟಾಪಿಕ್ ತೆರೆಯಬಹುದು. ದೊಡ್ಡ ಗುಂಪಿಗೆ ನಾನು ಅದನ್ನೇ ಹೇಳುತ್ತೇನೆ.

ಎರಡನೆಯದು, ಯಾವ ಜಾಗದ ಬಗ್ಗೆ ಮಾತು ಅನ್ನುವುದು. ಆಮೇಲೆ ಅಲ್ಲಿ ಲೇಖಕರು ಏನು ಮಾಡಿದ್ದಾರೆ, ಅದರಿಂದ ನಿಮಗೇನು ಅನಿಸಿತು. ಕೊನೆಗೆ ಬೇರೆಯವರು ಉತ್ತರಿಸಬಹುದಾದ ಒಂದು ಪ್ರಶ್ನೆ. ಒಟ್ಟು 120 ಪದದೊಳಗೆ. ಅದಕ್ಕಿಂತ ಉದ್ದವಾದರೆ ಫೋನಿನಲ್ಲಿ ಯಾರೂ ಕೊನೆತನಕ ಹೋಗುವುದಿಲ್ಲ.

ಕಾರಂತರ ‘ಮೂಕಜ್ಜಿಯ ಕನಸುಗಳು’ ಓದಿ ‘ಅಜ್ಜಿಯ ಪಾತ್ರ ಅದ್ಭುತ’ ಅಂತ ಬರೆದರೆ ಅದಕ್ಕೆ ಹೆಬ್ಬೆರಳು ತೋರಿಸುವುದು ಬಿಟ್ಟು ಬೇರೇನೂ ಮಾಡಲಾಗದು. ಅದನ್ನೇ ಹೀಗೆ ಬರೆದು ನೋಡಿ:

‘ಮೂಕಜ್ಜಿಯ ಕನಸುಗಳು, ಎರಡನೇ ವಾರ. ಸುಬ್ಬರಾಯ ತಂದುಕೊಟ್ಟ ವಸ್ತುವನ್ನು ಅಜ್ಜಿ ಕೈಯಲ್ಲಿ ಹಿಡಿಯುವ ಕಡೆ. ಅವಳಿಗೆ ಕಂಡದ್ದನ್ನು ಅವಳ ಮಾತಿನಲ್ಲೇ ಕೊಡುತ್ತಾರೆ, ಮೊಮ್ಮಗ ನಡುವೆ ಪ್ರಶ್ನೆ ಹಾಕುತ್ತಾನೆ. ಅವನ ಪ್ರಶ್ನೆಗಳಿಲ್ಲದಿದ್ದರೆ ಇದು ಬರೀ ಉಪನ್ಯಾಸ ಆಗುತ್ತಿತ್ತು. ಆದರೂ ದೇವರ ಮಾತು ಬಂದಾಗ ಅಜ್ಜಿ ಹಿಂದೆ ಸರಿದು ಕಾರಂತರೇ ಮಾತಾಡುತ್ತಿದ್ದಾರೆ ಅನಿಸಿತು. ನಿಮಗೆ ಹಾಗೆ ಅನಿಸಿದ ಜಾಗ ಯಾವುದು?’

ಇದರಲ್ಲಿ ಹೊಗಳಿಕೆಯೂ ಇದೆ, ಟೀಕೆಯೂ ಇದೆ, ಕಾರಂತರ ಅಭಿಮಾನಿಗಳಿಗೆ ಸಿಟ್ಟು ಬರುವಂಥದ್ದೇನೂ ಇಲ್ಲ. ಕಾರಣ ನಯವಾದ ಪದಗಳಲ್ಲ. ಒಪ್ಪದವರು ಪುಸ್ತಕ ತೆರೆದು ಅದೇ ಜಾಗ ನೋಡಿ ‘ಇಲ್ಲ, ಇದು ಅಜ್ಜಿಯದೇ ದನಿ, ಯಾಕೆಂದರೆ...’ ಅನ್ನಬಹುದು, ಮಾತು ಪುಸ್ತಕದೊಳಗೇ ಉಳಿಯುತ್ತದೆ. ನಡೆಸುವವರ ಕೈಯಲ್ಲಿರುವ ಆಯುಧವೂ ಇದೊಂದೇ. ಯಾರೇ ‘ಬೋರು’ ಅನ್ನಲಿ, ‘ಮೇರುಕೃತಿ’ ಅನ್ನಲಿ, ‘ಸ್ತ್ರೀದ್ವೇಷಿ’ ಅನ್ನಲಿ, ‘ಯಾವ ಜಾಗದಲ್ಲಿ?’ ಅಂತ ಕೇಳಿ. ಹೊಗಳಿದವರನ್ನೂ ಅಷ್ಟೇ ಕಟ್ಟುನಿಟ್ಟಾಗಿ ಕೇಳಬೇಕು. ಟೀಕಿಸಿದವರನ್ನು ಮಾತ್ರ ಕೇಳಿದರೆ ಅದು ವಿಚಾರಣೆಯಾಗುತ್ತದೆ.

ಧ್ವನಿ ಸಂದೇಶ ಬೇಡ ಅನ್ನಬೇಡಿ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಬಹಳ ಮಂದಿಗೆ ಕನ್ನಡ ಮಾತು ಬರುತ್ತದೆ, ಲಿಪಿ ಬರುವುದಿಲ್ಲ. ಅವರನ್ನು ಹೊರಗಿಟ್ಟು ಗುಂಪು ನಡೆಸುವುದು ತಪ್ಪು ಅಂತಲೇ ನನ್ನ ವಾದ. ಎರಡು ನಿಮಿಷದ ಮಿತಿ ಇರಲಿ, ಮೊದಲ ಹತ್ತು ಸೆಕೆಂಡಿನಲ್ಲಿ ಭಾಗದ ಹೆಸರು ಹೇಳಿಬಿಡಲಿ. ಅವರಿಗಾಗಿ ಹದಿನೈದು ದಿನಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಒಂದು ದೃಶ್ಯವನ್ನು ಗಟ್ಟಿಯಾಗಿ ಓದಿ: ಓದಿಗೆ 20 ನಿಮಿಷ, ಮಾತಿಗೆ 30. ಹಣ ಕಟ್ಟದಿದ್ದರೆ ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಹೆಚ್ಚು ಜನರಿರುವ ಕರೆ 60 ನಿಮಿಷಕ್ಕೆ, ಜೂಮ್‌ನಲ್ಲಿ 40 ನಿಮಿಷಕ್ಕೆ ನಿಲ್ಲುತ್ತದೆ, ಹಾಗಾಗಿ ಮೀಟ್ ಸರಿ. ನೌಕರಿಯವರಿಗೆ ರಾತ್ರಿ ಒಂಬತ್ತೂವರೆ ಅನುಕೂಲ. ಹೋಟೆಲಿನವರು ಹೆಚ್ಚಿದ್ದರೆ ಅವರಿಗೆ ಬಿಡುವು ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ, ಅದನ್ನು ಕೇಳಿಕೊಂಡೇ ಹೊತ್ತು ಗೊತ್ತು ಮಾಡಿ.

ನಕ್ಷತ್ರ ಕೊಡುವುದನ್ನು ಪೂರ್ತಿ ನಿಲ್ಲಿಸಿ. ನಾಲ್ಕು ನಕ್ಷತ್ರ ಅಂದಮೇಲೆ ಮಾತು ಮುಗಿಯಿತು. ಅದರ ಬದಲು ನಡುದಾರಿಯಲ್ಲಿ ಊಹೆ ಬರೆಸಿ. ಚಿತ್ತಾಲರ ‘ಶಿಕಾರಿ’ಗೆ (1979) ಇದು ಬಹಳ ಚೆನ್ನಾಗಿ ಹೊಂದುತ್ತದೆ. ನಾಗಪ್ಪನ ವಿರುದ್ಧ ಕಂಪನಿಯಲ್ಲಿ ನಡೆಯುತ್ತಿರುವ ಪಿತೂರಿ ಎಷ್ಟು ನಿಜ, ಎಷ್ಟು ಅವನ ಭಯ? ಮೊದಲ ವಾರ, ಮೂರನೇ ವಾರ, ಕೊನೆಯ ವಾರ ಇದೇ ಪ್ರಶ್ನೆಯನ್ನು ವಾಟ್ಸಾಪ್ ಪೋಲ್ ಮಾಡಿ ಹಾಕಿ. ತನ್ನ ಉತ್ತರ ಯಾವ ಅಧ್ಯಾಯದಲ್ಲಿ ಬದಲಾಯಿತು ಅಂತ ಒಬ್ಬೊಬ್ಬರೂ ಹೇಳುವಾಗ ಗಂಟೆ ಹೋದದ್ದು ಗೊತ್ತಾಗುವುದಿಲ್ಲ. ಮುಗಿದ ಮೇಲೆ ಬರೆಯುವ ಅಭಿಪ್ರಾಯದಲ್ಲಿ ಈ ಅಲುಗಾಟ ಇರುವುದೇ ಇಲ್ಲ, ಎಲ್ಲರೂ ಮೊದಲಿನಿಂದ ಗೊತ್ತಿದ್ದವರ ಹಾಗೆ ಬರೆಯುತ್ತಾರೆ.

ಲೇಖಕರನ್ನು ಗುಂಪಿಗೆ ಸೇರಿಸುವ ಆಸೆ ಎಲ್ಲರಿಗೂ ಇರುತ್ತದೆ. ಓದು ಮುಗಿಯುವ ಮುಂಚೆ ಬೇಡ. ಮುಂಬಯಿ ಕನ್ನಡ ವಲಯ ಚಿಕ್ಕದು, ಮಾಟುಂಗದ ಮೈಸೂರು ಅಸೋಸಿಯೇಶನ್‌ನ ಕಾರ್ಯಕ್ರಮಕ್ಕೆ ಹೋದರೆ ಎದುರಿಗೇ ಸಿಗುತ್ತಾರೆ. ಅವರು ಓದುತ್ತಿದ್ದಾರೆ ಅಂತ ಗೊತ್ತಾದರೆ ಯಾರೂ ಬಾಯಿ ಬಿಡುವುದಿಲ್ಲ. ಕೊನೆಯ ಭಾಗವೂ ಚರ್ಚೆಯಾದ ಮೇಲೆ ಒಂದು ಸಂಜೆ ಕರೆಯಿರಿ, ಆಗ ಕೇಳಲು ನಿಜವಾದ ಪ್ರಶ್ನೆಗಳಿರುತ್ತವೆ.

ಪಿಡಿಎಫ್ ಹಂಚುವ ವಿಷಯವನ್ನೂ ಕೇಳಿದ್ದೀರಿ. ಹಂಚಬೇಡಿ. ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅಂದರೆ ಅವರ ಕಾದಂಬರಿಗಳು 2054ರ ಕೊನೆಯವರೆಗೆ ಹಕ್ಕಿನವೇ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಥರದ ಹಳೆಯ ಕೃತಿಗಳಿಗೆ ಈ ತೊಡಕಿಲ್ಲ. ಉಳಿದವನ್ನು ಶುರುಮಾಡುವ ಮೂರು ವಾರ ಮುಂಚೆ ಒಟ್ಟಿಗೆ ತರಿಸಿ. ಎಲ್ಲರಿಗೂ ಒಂದೇ ಮುದ್ರಣ ಸಿಕ್ಕರೆ ಅರ್ಧ ತಲೆನೋವು ಅಲ್ಲೇ ಕಳೆಯಿತು.

ಮುಂದಿನ ಓದಿಗೆ ‘ಮಲೆಗಳಲ್ಲಿ ಮದುಮಗಳು’ ಅಂದುಕೊಂಡಿದ್ದೀರಿ. ಅದು ನನ್ನ ಪ್ರಾಣದ ಪುಸ್ತಕ, ಆದರೂ ಈಗಲೇ ಬೇಡ. 700 ಪುಟಕ್ಕೂ ಮೀರಿದ್ದು, ವಾರಕ್ಕೆ 70 ಅಂದರೂ ಎರಡೂವರೆ ತಿಂಗಳು ಹಿಡಿಯುತ್ತದೆ. ಪಾತ್ರಗಳು ಅಷ್ಟೊಂದು, ಮಲೆನಾಡಿನ ಮಾತು ಧಾರವಾಡದ ಕಡೆಯವರಿಗೂ ಕರಾವಳಿಯವರಿಗೂ ಮೊದಮೊದಲು ತಡೆಯುತ್ತದೆ. ಅದನ್ನು ಓದುವಾಗ ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಒಬ್ಬರು ವಾರಕ್ಕೆ ಹತ್ತು ಪದದ ಅರ್ಥ, ಯಾರು ಯಾವ ಮನೆಯವರು ಅನ್ನುವ ಪಟ್ಟಿ ಹಾಕುತ್ತಾ ಹೋಗಬೇಕು. ಅದಕ್ಕೆ ಮುಂಚೆ ಎರಡು ಚಿಕ್ಕ ಕಾದಂಬರಿಗಳನ್ನು, ಮೂರು ವಾರಕ್ಕೆ ಒಂದರಂತೆ, ಕಥೆಯ ಗಡಿ ಹಾಕಿ ಓದಿ ಮುಗಿಸಿ. ತೇಜಸ್ವಿಯವರ ‘ಕರ್ವಾಲೊ’ ಆಗಬಹುದು, ‘ಸಂಸ್ಕಾರ’ ಆಗಬಹುದು. ಹೆಸರು ಗೊತ್ತಾದ ಕೂಡಲೇ ಗುಂಪಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ಯಾರ ಕೈಯಲ್ಲಿ ಯಾವ ವರ್ಷದ ಮುದ್ರಣ ಇದೆ, ಒಟ್ಟು ಎಷ್ಟು ಪುಟ, ಯಾರು ಇ-ಪುಸ್ತಕ, ಯಾರು ಆಡಿಯೋ. ಉತ್ತರ ಬರೆದಿಟ್ಟುಕೊಂಡು ಆಮೇಲೆ ಮೊದಲ ಗಡಿ ಹಾಕಿ.