ಬ್ಯಾಕಪ್ ‘ಕಂಪ್ಲೀಟೆಡ್’ ಅಂತಿದೆ, ಡೇಟಾಬೇಸ್ ಮಾತ್ರ ಖಾಲಿ ಬಂದಿದೆ!

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಸಣ್ಣ ಸಾಫ್ಟ್‌ವೇರ್ ತಂಡ. ವ್ಯಾಪಾರಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡಿಕೊಟ್ಟಿದ್ದೇವೆ. ಎಲ್ಲವೂ ಕುಬರ್ನೆಟಿಸ್ (ಹಲವು ಯಂತ್ರಗಳನ್ನು ಒಂದು ಗುಂಪಾಗಿ ನಡೆಸುವ ವ್ಯವಸ್ಥೆ) ಕ್ಲಸ್ಟರ್‌ನಲ್ಲಿ ಓಡುತ್ತದೆ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಒಂದು ವಾಲ್ಯೂಮ್ (ಡೇಟಾ ಉಳಿಯುವ ಡಿಸ್ಕ್), ಗ್ರಾಹಕರು ಅಪ್‌ಲೋಡ್ ಮಾಡುವ ಫೈಲುಗಳಿಗೆ ಇನ್ನೊಂದು. ವೆಲೆರೊ ಅನ್ನುವ ಬ್ಯಾಕಪ್ ಸಾಧನ ಹಾಕಿ ದಿನಾ ಬ್ಯಾಕಪ್ ತೆಗೆಯುತ್ತೇವೆ. ದಿನಾ ‘ಕಂಪ್ಲೀಟೆಡ್’ ಅಂತಲೇ ಬರುತ್ತದೆ. ಮೊನ್ನೆ ಪರೀಕ್ಷೆಗೆಂದು ಬೇರೆ ಕ್ಲಸ್ಟರ್‌ಗೆ ರಿಸ್ಟೋರ್ ಮಾಡಿದೆವು. ಪಾಡ್‌ಗಳೆಲ್ಲ (ಆ್ಯಪ್ ಓಡುವ ಕಂಟೇನರ್‌ಗಳ ಘಟಕಗಳು) ಎದ್ದವು, ಎರರ್ ಒಂದೂ ಇಲ್ಲ. ಆದರೆ ಡೇಟಾಬೇಸ್‌ನಲ್ಲಿ ಒಂದು ಬಿಲ್ಲೂ ಇಲ್ಲ. ಎಲ್ಲಿ ತಪ್ಪಿದ್ದೇವೆ?

ಉತ್ತರ: ಮೊದಲು ಒಂದು ಮಾತು. ಏನೂ ಅನಾಹುತ ಆಗುವ ಮೊದಲೇ ನೀವು ರಿಸ್ಟೋರ್ ಮಾಡಿ ನೋಡಿದಿರಲ್ಲ, ಅದು ದೊಡ್ಡ ಕೆಲಸ. ಎಷ್ಟೋ ಜನ ಇದನ್ನು ಮಾಡುವುದೇ ಇಲ್ಲ.

ನಿಮ್ಮಲ್ಲಿ ಆಗಿರುವುದು ಇಷ್ಟು: ಬೀರು ಬಂದಿದೆ, ಒಳಗಿನ ಒಡವೆ ಬಂದಿಲ್ಲ. ವೆಲೆರೊ ಎರಡು ಬೇರೆ ಬೇರೆ ವಸ್ತುಗಳನ್ನು ಎತ್ತಿಡುತ್ತದೆ. ಒಂದು, ಡಿಪ್ಲಾಯ್‌ಮೆಂಟ್ (ಪಾಡ್‌ಗಳನ್ನು ನಡೆಸುವ ವಸ್ತು), ಸರ್ವೀಸ್, ಸೀಕ್ರೆಟ್ (ಪಾಸ್‌ವರ್ಡ್‌ನಂಥ ಗುಟ್ಟುಗಳು), ಪಿವಿಸಿ (ವಾಲ್ಯೂಮ್ ಬೇಕು ಅನ್ನುವ ಕೋರಿಕೆ) ಇವುಗಳ ವಿವರಣೆ. ಇನ್ನೊಂದು, ಡಿಸ್ಕಿನೊಳಗಿನ ನಿಜವಾದ ಡೇಟಾ. ಮೊದಲನೆಯದನ್ನು ಅದು ತಾನಾಗಿಯೇ ತೆಗೆದುಕೊಳ್ಳುತ್ತದೆ. ಎರಡನೆಯದಕ್ಕೆ ಸ್ನ್ಯಾಪ್‌ಶಾಟ್ (ಇಡೀ ಡಿಸ್ಕಿನ ಒಂದು ಕ್ಷಣದ ನಕಲು) ವ್ಯವಸ್ಥೆ ಇರಬೇಕು, ಇಲ್ಲವೇ ಫೈಲ್ ಸಿಸ್ಟಮ್ ಬ್ಯಾಕಪ್ (ಫೈಲುಗಳನ್ನು ಓದಿ ನಕಲು ಮಾಡುವ ದಾರಿ) ಆನ್ ಮಾಡಿ ಯಾವ ವಾಲ್ಯೂಮ್ ಬೇಕು ಅಂತ ಹೇಳಬೇಕು. ಹೇಳದಿದ್ದರೆ ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ಬೇಕು ಅಂತ ಹೇಳದೇ ಇದ್ದದ್ದನ್ನು ಬಿಟ್ಟದ್ದು ತಪ್ಪಲ್ಲ ಅನ್ನುವ ಲೆಕ್ಕ, ಹಾಗಾಗಿ ‘ಕಂಪ್ಲೀಟೆಡ್’.

ರಿಸ್ಟೋರ್‌ನಲ್ಲಿ ಎರರ್ ಯಾಕೆ ಬರಲಿಲ್ಲ ಅಂತ ಕೇಳಬಹುದು. ರಿಸ್ಟೋರ್‌ನ ಲಾಗ್ ತೆಗೆದು ನೋಡಿ. ‘ಈ ವಾಲ್ಯೂಮಿಗೆ ಸ್ನ್ಯಾಪ್‌ಶಾಟ್ ಇಲ್ಲ, ರಿಕ್ಲೇಮ್ ಪಾಲಿಸಿ ಡಿಲೀಟ್, ಆದ್ದರಿಂದ ಹೊಸದಾಗಿ ಕೊಡುತ್ತಿದ್ದೇನೆ’ ಅನ್ನುವ ಅರ್ಥದ ಒಂದು ಸಾಲು ಸಿಗಬೇಕು. ರಿಕ್ಲೇಮ್ ಪಾಲಿಸಿ ಅಂದರೆ ಪಿವಿಸಿ ಅಳಿದಾಗ ಡಿಸ್ಕನ್ನು ಏನು ಮಾಡಬೇಕು ಅನ್ನುವ ನಿಯಮ. ಒಟ್ಟಿನಲ್ಲಿ ಪಿವಿಸಿಗೆ ಹೊಸ ಖಾಲಿ ಡಿಸ್ಕ್ ಸಿಕ್ಕಿದೆ. ಮೈಎಸ್‌ಕ್ಯೂಎಲ್‌ನ ಇಮೇಜ್ ಖಾಲಿ ಡೈರೆಕ್ಟರಿ ಕಂಡರೆ, ಕಂಟೇನರ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ರೂಟ್ ಪಾಸ್‌ವರ್ಡ್ ಇದ್ದರೆ, ಹೊಸ ಡೇಟಾಬೇಸ್ ಕಟ್ಟಿಕೊಂಡು ಆರಾಮಾಗಿ ಎದ್ದು ನಿಲ್ಲುತ್ತದೆ. ಪಾಡ್ ‘ರನ್ನಿಂಗ್’. ಎಲ್ಲೂ ಕೆಂಪು ಬಣ್ಣವಿಲ್ಲ.

ಈಗಲೇ ಒಂದು ಪರೀಕ್ಷೆ ಮಾಡಿ. ಬ್ಯಾಕಪ್ ಡಿಸ್ಕ್ರೈಬ್ ಕಮಾಂಡಿಗೆ ‘ಡೀಟೇಲ್ಸ್’ ಸೇರಿಸಿ ಓಡಿಸಿ. ಕೊನೆಯಲ್ಲಿ ಯಾವ ಪಾಡ್‌ನ ಯಾವ ವಾಲ್ಯೂಮ್ ಹೋಗಿದೆ ಅಂತ ಪಟ್ಟಿ ಬರಬೇಕು. ನಿಮ್ಮ ಎರಡೂ ವಾಲ್ಯೂಮ್‌ಗಳ ಹೆಸರು ಅಲ್ಲಿಲ್ಲ ಅಂದರೆ ಇಷ್ಟು ದಿನದ ಯಾವ ಬ್ಯಾಕಪ್‌ನಲ್ಲೂ ಡೇಟಾ ಇಲ್ಲ. ಇವತ್ತೇ ಕೈಯಿಂದ ಒಂದು ಡಂಪ್ (ಡೇಟಾಬೇಸ್‌ನಲ್ಲಿರುವುದನ್ನೆಲ್ಲ ಒಂದು ಫೈಲಿಗೆ ಬರೆದ ನಕಲು) ತೆಗೆದಿಟ್ಟು ಆಮೇಲೆ ಮುಂದಿನದನ್ನು ಓದಿ.

ಅಪ್‌ಲೋಡ್ ಫೈಲುಗಳ ವಿಷಯ ಸುಲಭ. ವೆಲೆರೊದ ನೋಡ್ ಏಜೆಂಟ್ (ಪ್ರತಿ ಯಂತ್ರದಲ್ಲೂ ಕೂತು ಫೈಲುಗಳನ್ನು ಓದುವ ಭಾಗ) ಹಾಕಿ, ಪಾಡ್ ಮೇಲೆ ಆ ವಾಲ್ಯೂಮ್‌ನ ಹೆಸರಿರುವ ಆನೊಟೇಶನ್ (ಟಿಪ್ಪಣಿ ಚೀಟಿ) ಬರೆಯಿರಿ. ಇಲ್ಲಿ ಜಾಸ್ತಿ ಜನ ಎಡವುವುದು ಎರಡು ಕಡೆ. ಬರೆಯಬೇಕಾದ್ದು ಪಿವಿಸಿಯ ಹೆಸರಲ್ಲ, ಪಾಡ್‌ನ ವಿವರಣೆಯಲ್ಲಿ ವಾಲ್ಯೂಮಿಗೆ ಕೊಟ್ಟ ಹೆಸರು. ಅದೂ ಡಿಪ್ಲಾಯ್‌ಮೆಂಟ್‌ನ ತಲೆಯ ಮೇಲೆ ಅಲ್ಲ, ಅದರೊಳಗಿನ ಪಾಡ್ ಟೆಂಪ್ಲೇಟ್‌ನಲ್ಲಿ. ಹೋಸ್ಟ್‌ಪಾತ್ ವಾಲ್ಯೂಮ್ (ಯಂತ್ರದ ಸ್ವಂತ ಫೋಲ್ಡರನ್ನೇ ಬಳಸುವಂಥದ್ದು) ಆದರೆ ಈ ದಾರಿ ನಡೆಯುವುದಿಲ್ಲ, ನೆನಪಿರಲಿ.

ಡೇಟಾಬೇಸ್ ಅಷ್ಟು ಸುಲಭ ಅಲ್ಲ. ಡಿಸ್ಕಿನ ಸ್ನ್ಯಾಪ್‌ಶಾಟ್ ಅಂದರೆ ಒಂದೇ ಕ್ಷಣದ ಚಿತ್ರ. ಕರೆಂಟ್ ಹೋದಾಗ ಇದ್ದ ಸ್ಥಿತಿ ಅನ್ನಿ. ಅದರಿಂದ ಮೈಎಸ್‌ಕ್ಯೂಎಲ್‌ನ ಶೇಖರಣಾ ಎಂಜಿನ್ ಆದ ಇನ್ನೊಡಿಬಿ ತನ್ನ ರೀಡೂ ಲಾಗ್ (ಆದ ಬದಲಾವಣೆಗಳ ದಾಖಲೆ) ಓದಿಕೊಂಡು ಚೇತರಿಸಿಕೊಳ್ಳುತ್ತದೆ. ಫೈಲ್ ಸಿಸ್ಟಮ್ ಬ್ಯಾಕಪ್ ಹಾಗಲ್ಲ. ಅದು ಒಂದಾದ ಮೇಲೆ ಒಂದು ಫೈಲ್ ಓದುತ್ತದೆ. ಮೊದಲ ಫೈಲ್ ಓದಿದ್ದು 2 ಗಂಟೆಗೆ, ಕೊನೆಯದು 2 ಗಂಟೆ 10 ನಿಮಿಷಕ್ಕೆ ಅಂದುಕೊಳ್ಳಿ. ನಡುವೆ ಬಂದ ಬಿಲ್ಲುಗಳು ಅರ್ಧ ಇಲ್ಲಿ, ಅರ್ಧ ಅಲ್ಲಿ. ಓಡುತ್ತಿರುವ ಡೇಟಾಬೇಸ್‌ನ ಫೈಲುಗಳನ್ನು ಹಾಗೆ ನೇರವಾಗಿ ನಕಲು ಮಾಡಬೇಡಿ.

ಇದಕ್ಕೆ ವೆಲೆರೊದಲ್ಲಿ ಹುಕ್ ಇದೆ. ಬ್ಯಾಕಪ್ ಶುರುವಾಗುವ ಮುಂಚೆ ಕಂಟೇನರ್‌ನ ಒಳಗೆ ಒಂದು ಕಮಾಂಡ್ ಓಡಿಸುತ್ತದೆ. ‘ಟೇಬಲ್‌ಗಳಿಗೆಲ್ಲ ಲಾಕ್ ಹಾಕುವ ಕಮಾಂಡ್ ಬರೆದರೆ ಆಯ್ತಲ್ವಾ’ ಅಂತ ನನಗೂ ಮೊದಲು ಅನ್ನಿಸಿತ್ತು, ಹಾಗೇ ಬರೆದೂ ಇದ್ದೆ. ಆದರೆ ಹುಕ್ ಮುಗಿದ ಕೂಡಲೇ ಆ ಸೆಶನ್ ಮುಚ್ಚುತ್ತದೆ, ಸೆಶನ್ ಮುಚ್ಚಿದರೆ ಲಾಕ್ ಬಿಟ್ಟುಹೋಗುತ್ತದೆ. ನಿಜವಾದ ನಕಲು ಶುರುವಾಗುವ ಹೊತ್ತಿಗೆ ಯಾವ ಲಾಕೂ ಇರುವುದಿಲ್ಲ.

ನಿಮ್ಮಷ್ಟು ಗಾತ್ರದ ಆ್ಯಪ್‌ಗೆ ನಾನು ಹೇಳುವುದು ಇದು. ಮೈಎಸ್‌ಕ್ಯೂಎಲ್ ಪಾಡ್‌ಗೆ ಡಂಪ್‌ಗಾಗಿಯೇ ಒಂದು ಪುಟ್ಟ ವಾಲ್ಯೂಮ್ ಸೇರಿಸಿ. ಹುಕ್‌ನಲ್ಲಿ ಮೈಎಸ್‌ಕ್ಯೂಎಲ್‌ಡಂಪ್ ಅನ್ನು ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆಯೊಂದಿಗೆ ಓಡಿಸಿ, ಫೈಲನ್ನು ಆ ವಾಲ್ಯೂಮ್‌ಗೆ ಬರೆಯಿರಿ. ಇನ್ನೊಡಿಬಿ ಟೇಬಲ್‌ಗಳಾದರೆ ಬಿಲ್ಲಿಂಗ್ ನಿಲ್ಲದೆಯೇ ಒಂದೇ ಕ್ಷಣದ ಚಿತ್ರ ಸಿಗುತ್ತದೆ. ಆನೊಟೇಶನ್‌ನಲ್ಲಿ ಈ ಡಂಪ್ ವಾಲ್ಯೂಮ್‌ನ ಹೆಸರು ಮಾತ್ರ ಇರಲಿ. ರಿಸ್ಟೋರ್ ಆದಾಗ ಮೈಎಸ್‌ಕ್ಯೂಎಲ್ ಖಾಲಿಯಾಗಿಯೇ ಏಳುತ್ತದೆ, ಪಕ್ಕದಲ್ಲೇ ಡಂಪ್ ಇರುತ್ತದೆ, ಅದನ್ನು ಒಳಗೆ ಸುರಿದರೆ ಆಯಿತು.

ಹುಕ್ ಬರೆಯುವಾಗ ಎರಡು ಎಚ್ಚರಿಕೆ. ಹುಕ್‌ಗೆ ತಾನಾಗಿ ಸಿಗುವ ಕಾಲ 30 ಸೆಕೆಂಡ್ ಮಾತ್ರ. ಇವತ್ತು ಸಾಕಾಗಬಹುದು, ಡೇಟಾ ಬೆಳೆದ ಮೇಲೆ ಒಂದು ರಾತ್ರಿ ಸಾಲುವುದಿಲ್ಲ. ಈಗಲೇ 10 ನಿಮಿಷ ಅಂತ ಬರೆದುಬಿಡಿ. ಇನ್ನೊಂದು, ಡಂಪನ್ನು ಪೈಪ್ ಮಾಡಿ ಜಿಜಿಪ್‌ಗೆ (ಫೈಲ್ ಕುಗ್ಗಿಸುವ ಪ್ರೋಗ್ರಾಂ) ಕೊಡಬೇಡಿ. ಹಾಗೆ ಮಾಡಿದರೆ ಡಂಪ್ ಮಧ್ಯದಲ್ಲಿ ಸತ್ತರೂ ಜಿಜಿಪ್ ತನ್ನ ಪಾಲು ಮುಗಿಸಿ ‘ಸರಿ’ ಅಂತ ಹೇಳುತ್ತದೆ, ಹುಕ್ ಅದನ್ನೇ ನಂಬುತ್ತದೆ. ಡಂಪ್ ನೇರವಾಗಿ ಫೈಲಿಗೆ ಹೋಗಲಿ.

ಸದ್ದಿಲ್ಲದ ಇಂಥ ಸೋಲು ದೊಡ್ಡವರನ್ನೂ ಬಿಟ್ಟಿಲ್ಲ. 2017ರ ಜನವರಿ 31ರಂದು ಕೋಡ್ ಇಡುವ ತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ಕೈತಪ್ಪಿ ಮುಖ್ಯ ಡೇಟಾಬೇಸ್‌ನ ಡೈರೆಕ್ಟರಿ ಅಳಿಸಿಬಿಟ್ಟರು. ಬ್ಯಾಕಪ್ ಹುಡುಕಿದರೆ, ಅವರ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡಂಪ್ ಬಹಳ ದಿನದಿಂದ ಬರುತ್ತಲೇ ಇರಲಿಲ್ಲ. ಡೇಟಾಬೇಸ್ 9.6ನೇ ಆವೃತ್ತಿ, ಡಂಪ್ ತೆಗೆಯುವ ಪ್ರೋಗ್ರಾಂ 9.2ನೇ ಆವೃತ್ತಿ, ಎರಡಕ್ಕೂ ಹೊಂದಿಕೆಯಾಗದೆ ಎರರ್ ಬರುತ್ತಿತ್ತು. ಎಚ್ಚರಿಸಬೇಕಿದ್ದ ಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಸುಮಾರು 6 ಗಂಟೆ ಮುಂಚೆ ಒಬ್ಬರು ಬೇರೆ ಕೆಲಸಕ್ಕೆಂದು ಕೈಯಿಂದ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಕಾಪಾಡಿತು. ಅವರು ಇದನ್ನೆಲ್ಲ ಮುಚ್ಚಿಡದೆ ಬರೆದು ಪ್ರಕಟಿಸಿದರು. ನನಗೆ ಅವರ ಮೇಲೆ ಗೌರವ ಹೆಚ್ಚಾದದ್ದು ಆಗಲೇ.

ಮುಂದಿನ ಸಲ ರಿಸ್ಟೋರ್ ಪರೀಕ್ಷೆ ಮಾಡುವಾಗ ಪಾಡ್ ಎದ್ದಿತೇ ಅಂತ ನೋಡಿ ಬಿಡಬೇಡಿ. ಬಿಲ್ಲುಗಳ ಟೇಬಲ್‌ನಲ್ಲಿ ಕೊನೆಯ ಬಿಲ್ಲಿನ ತಾರೀಖು, ಸಮಯ ನೋಡಿ. ಗ್ರಾಹಕರ ಒಂದು ಫೈಲ್ ತೆರೆದು ನೋಡಿ. ಶುರುವಿನಿಂದ ಕೊನೆಯವರೆಗೆ ಎಷ್ಟು ನಿಮಿಷ ಹಿಡಿಯಿತು ಅಂತ ಬರೆದಿಡಿ. ಅದೇ ಕ್ಲಸ್ಟರ್‌ನಲ್ಲಿ ಮಾಡುವುದಾದರೆ ನೇಮ್‌ಸ್ಪೇಸ್ (ಕ್ಲಸ್ಟರ್‌ನೊಳಗಿನ ಪ್ರತ್ಯೇಕ ವಿಭಾಗ) ಮ್ಯಾಪಿಂಗ್ ಬಳಸಿ ಹೊಸ ಹೆಸರಿಗೆ ಇಳಿಸಿ. ಈಗಾಗಲೇ ಇರುವ ವಸ್ತುಗಳನ್ನು ವೆಲೆರೊ ತಾನಾಗಿ ತಿದ್ದಿ ಬರೆಯುವುದಿಲ್ಲ, ಹಾಗೇ ಬಿಡುತ್ತದೆ. ಇನ್ನೊಂದು ಮುಖ್ಯ ವಿಷಯ: ಕ್ರಾನ್‌ಜಾಬ್‌ಗಳನ್ನು (ನಿಗದಿತ ಸಮಯಕ್ಕೆ ತಾನಾಗಿ ಓಡುವ ಕೆಲಸಗಳು) ಹೊರಗಿಟ್ಟು ರಿಸ್ಟೋರ್ ಮಾಡಿ. ಇಲ್ಲದಿದ್ದರೆ ಪರೀಕ್ಷೆಯ ನಕಲು ಕೂಡ ನಿಮ್ಮ ನಿಜವಾದ ಗ್ರಾಹಕರಿಗೆ ‘ಬಾಕಿ ಕಟ್ಟಿ’ ಅಂತ ಎಸ್ಸೆಮ್ಮೆಸ್ ಕಳಿಸಲು ಶುರು ಮಾಡುತ್ತದೆ.

ಪಾಸ್‌ವರ್ಡ್ ವಿಷಯವನ್ನೂ ಹೇಳಿಬಿಡುತ್ತೇನೆ. ಫೈಲ್ ಸಿಸ್ಟಮ್ ಬ್ಯಾಕಪ್ ಗೂಢಲಿಪಿಯಲ್ಲೇ ಇರುತ್ತದೆ, ಆದರೆ ವೆಲೆರೊ ಬಳಸುವ ಪಾಸ್‌ವರ್ಡ್ ಎಲ್ಲರಿಗೂ ಒಂದೇ. ಮೊದಲ ಬ್ಯಾಕಪ್‌ಗೂ ಮುಂಚೆಯೇ ಅದನ್ನು ಬದಲಿಸಬೇಕು. ಬದಲಿಸಿದ್ದನ್ನು ಕ್ಲಸ್ಟರ್‌ನ ಹೊರಗೆ ಭದ್ರವಾಗಿ ಇಟ್ಟುಕೊಳ್ಳಿ. ಅದು ಕಳೆದರೆ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ಕುಬರ್ನೆಟಿಸ್‌ನ ಸೀಕ್ರೆಟ್‌ಗಳಂತೂ ಬ್ಯಾಕಪ್‌ನೊಳಗೆ ಬರೀ ಬೇಸ್64ನಲ್ಲಿ ಇರುತ್ತವೆ, ಯಾರು ಬೇಕಾದರೂ ಬಿಡಿಸಿ ಓದಬಹುದು. ಆದ್ದರಿಂದ ಬಕೆಟ್‌ಗೆ (ಬ್ಯಾಕಪ್ ಹೋಗಿ ಕೂರುವ ಸಂಗ್ರಹ) ಗಟ್ಟಿ ಬೀಗ ಬೇಕು. ಕ್ಲಸ್ಟರ್‌ನಲ್ಲಿರುವ, ಬಕೆಟ್ ತೆರೆಯುವ ಕೀಲಿಗೆ ಬ್ಯಾಕಪ್ ಅಳಿಸುವ ಅಧಿಕಾರವೂ ಇರುತ್ತದೆ, ಯಾಕೆಂದರೆ ನೀವು ಬೇರೆ ಹೇಳದಿದ್ದರೆ 30 ದಿನ ದಾಟಿದ್ದನ್ನು ವೆಲೆರೊವೇ ತೆಗೆದುಹಾಕುತ್ತದೆ. ಆ ಕೀಲಿ ತಲುಪದ ಇನ್ನೊಂದು ಖಾತೆಗೆ ಒಂದು ನಕಲು ಹೋಗುವಂತೆ ಮಾಡಿ.

ಪ್ರಶ್ನೆ: ನಾವು ದಿನಾ ಇಟಿಸಿಡಿ (ಕುಬರ್ನೆಟಿಸ್ ತನ್ನ ಮಾಹಿತಿ ಇಡುವ ಡೇಟಾಬೇಸ್) ಸ್ನ್ಯಾಪ್‌ಶಾಟ್ ತೆಗೆಯುತ್ತೇವೆ. ಬೇರೆ ಬ್ಯಾಕಪ್ ಬೇಕಾ? (ಮಂಗಳೂರಿನಿಂದ)

ಉತ್ತರ: ಬೇಕು. ಇಟಿಸಿಡಿಯಲ್ಲಿ ಇರುವುದು ಕ್ಲಸ್ಟರ್‌ನ ವಿವರಣೆ ಮಾತ್ರ, ಡಿಸ್ಕಿನ ಡೇಟಾ ಇಲ್ಲ. ಮರಳಿಸಿದರೆ ಇಡೀ ಕ್ಲಸ್ಟರ್ ಹಿಂದಕ್ಕೆ ಹೋಗುತ್ತದೆ, ಒಂದು ನೇಮ್‌ಸ್ಪೇಸ್ ಮಾತ್ರ ಎತ್ತಿಕೊಳ್ಳಲು ಬರುವುದಿಲ್ಲ. ಸ್ನ್ಯಾಪ್‌ಶಾಟ್ ನಿಲ್ಲಿಸಬೇಡಿ, ಕ್ಲಸ್ಟರನ್ನು ನಡೆಸುವ ಭಾಗವಾದ ಕಂಟ್ರೋಲ್ ಪ್ಲೇನ್ ಕೆಟ್ಟಾಗ ಅದೇ ಗತಿ. ಆದರೆ ಯಾರೋ ನೇಮ್‌ಸ್ಪೇಸ್ ಅಳಿಸಿ, ರಿಕ್ಲೇಮ್ ಪಾಲಿಸಿ ‘ಡಿಲೀಟ್’ ಆಗಿದ್ದು, ಡಿಸ್ಕೇ ಹೋದ ದಿನ ಅದು ನಿಮಗೆ ಏನೂ ಕೊಡುವುದಿಲ್ಲ.

ಪ್ರಶ್ನೆ: ರಾತ್ರಿ 1 ಗಂಟೆಗೆ ಅಂತ ಶೆಡ್ಯೂಲ್ ಇಟ್ಟಿದ್ದೇನೆ. ಬ್ಯಾಕಪ್ ಬೆಳಗ್ಗೆ 6.30ಕ್ಕೆ ಓಡುತ್ತಿದೆ. ಯಾಕೆ?

ಉತ್ತರ: ವೆಲೆರೊದ ಗಡಿಯಾರ ಯುಟಿಸಿಯಲ್ಲಿದೆ (ಜಾಗತಿಕ ಪ್ರಮಾಣ ಸಮಯ). ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ ರಾತ್ರಿ 2ಕ್ಕೆ ಬೇಕಿದ್ದರೆ ‘30 20 * * *’ ಅಂತ ಬರೆಯಿರಿ (ಮೊದಲು ನಿಮಿಷ, ಆಮೇಲೆ ಗಂಟೆ; ಕೊನೆಯದು ವಾರದ ದಿನ, 0 ಅಂದರೆ ಭಾನುವಾರ). ವಾರಕ್ಕೊಮ್ಮೆ, ಸೋಮವಾರ ಬೆಳಗಿನ ಜಾವ 2ಕ್ಕೆ ಬೇಕಿದ್ದರೆ ಅಲ್ಲಿ ಇನ್ನೂ ಭಾನುವಾರವೇ ಇರುತ್ತದೆ. ಆದ್ದರಿಂದ ‘30 20 * * 0’.